ಮೂರು ನಿಮಿಷದ ಹಾಡು, ಹದಿನೈದು ವರ್ಷದ ಪಾದರಸ

ಕಳೆದ ವರ್ಷ ರಾಜ್ಯೋತ್ಸವಕ್ಕೆ ಒಂದು ತಿಂಗಳಿರುವಾಗ ನಮ್ಮ ಸಂಘದ ಸಾಂಸ್ಕೃತಿಕ ಸಮಿತಿಯ ಸಭೆ ಸೇರಿತ್ತು. ಎಂದಿನಂತೆ ಚಹಾ, ಮಂಡಕ್ಕಿ, ಕೈಯಲ್ಲೊಂದು ಕಾರ್ಯಕ್ರಮದ ಪಟ್ಟಿ. ನಾಡಗೀತೆ ಯಾರು ಹಾಡುವುದು, ಮಕ್ಕಳ ನೃತ್ಯಕ್ಕೆ ಎಷ್ಟು ನಿಮಿಷ, ಯಕ್ಷಗಾನದ ವೇಷಭೂಷಣವನ್ನು ಮಂಗಳೂರಿನಿಂದ ಯಾರು ಲಗೇಜಿನಲ್ಲಿ ತರುವುದು ಎಂಬುದೆಲ್ಲ ತೀರ್ಮಾನವಾಗುವ ಹೊತ್ತಿಗೆ ಬಾಗಿಲ ಬಳಿ ಕುಳಿತಿದ್ದ ಮೂವರು ಹುಡುಗರು ಎದ್ದು ನಿಂತರು. ಒಬ್ಬ ವಿಜಯಪುರದ ಕಡೆಯವನು, ಎ.ಸಿ. ರಿಪೇರಿ ಕೆಲಸ. ಇನ್ನೊಬ್ಬ ಬೆಳ್ತಂಗಡಿ ಕಡೆಯ ಡ್ರೈವರ್. ಮತ್ತೊಬ್ಬ ದಾವಣಗೆರೆಯವನು, ಕಟ್ಟಡದ ಕೆಲಸ.

“ಸರ್, ನಾವೊಂದು ರ‍್ಯಾಪ್ ಬರದೀವ್ರಿ. ಐದು ನಿಮಿಷ ಕೊಟ್ರ ಸಾಕು,” ಅಂದ ವಿಜಯಪುರದ ಹುಡುಗ.

“ಯಾವುದರ ಮೇಲಪ್ಪಾ?” ಎಂದು ಹಿರಿಯರೊಬ್ಬರು ಕೇಳಿದರು.

“ನಮ್ಮ ಕೆಲಸದ ಮ್ಯಾಲೆ ಸರ್. ಬಿಸಿಲು, ರೂಮು, ಮೈಕೈ ನೋವಿನ ಗುಳಿಗಿ, ಎಲ್ಲಾ ಅದಾವ್ರಿ ಅದರಾಗ.”

ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಂದೊಂದಾಗಿ ಮಾತು ಬಂದವು. ರ‍್ಯಾಪ್ ನಮ್ಮ ಸಂಸ್ಕೃತಿಯಲ್ಲ, ಅದು ಬೈಗುಳದ ಹಾಡು ಎಂದರು ಒಬ್ಬರು. ಹಬ್ಬದ ದಿನ ಕಷ್ಟದ ಮಾತು ಯಾಕೆ, ವರ್ಷವಿಡೀ ಇರುವುದು ಅದೇ ತಾನೇ ಎಂದರು ಇನ್ನೊಬ್ಬರು. ಮೂರನೆಯವರು ಮಾತ್ರ ನಿಜವಾದ ಕಾರಣ ಹೇಳಿದರು: ಮುಂದಿನ ಸಾಲಿನಲ್ಲಿ ಪ್ರಾಯೋಜಕರು ಕುಳಿತಿರುತ್ತಾರೆ, ಅವರಲ್ಲಿ ಕೆಲವರು ಕಂಪನಿ ನಡೆಸುವವರು, ಅವರಿಗೆ ಮುಜುಗರ ಆಗಬಾರದು. ಹುಡುಗರು “ಆಯ್ತು ಸರ್” ಅಂದು ಕುಳಿತರು. ನಾವೂ ಆ ಸಭೆಯಲ್ಲಿದ್ದೆವು. ತುಟಿ ಬಿಚ್ಚಲಿಲ್ಲ. ಆ ಮೌನಕ್ಕೆ ತಡವಾಗಿ ಬರೆದ ಉತ್ತರ ಈ ಲೇಖನ.

ಉತ್ತರವನ್ನು ನೇರವಾಗಿ ಕೊಡುವ ಬದಲು ಒಂದು ಹಾಡಿನ ಕತೆ ಹೇಳುತ್ತೇವೆ. ನಮ್ಮ ವೃತ್ತಿಗೂ ನಿಮ್ಮ ದುಡಿಮೆಗೂ ಸಂಬಂಧಪಟ್ಟ ಹಾಡು ಅದು. ಹೆಸರು ‘ಕೊಡೈಕೆನಾಲ್ ವೋಂಟ್’. ಕೊಡೈಕೆನಾಲ್ ಬಗ್ಗುವುದಿಲ್ಲ ಎಂಬ ಅರ್ಥದ ಹೆಸರು. ಹಾಡಿದವರು ಚೆನ್ನೈನ ಸೋಫಿಯಾ ಅಶ್ರಫ್. ಹೊರಬಂದದ್ದು 2015ರ ಜುಲೈ ಕೊನೆಯಲ್ಲಿ.

ಹಾಡಿಗಿಂತ ಮೊದಲು ಪಾದರಸದ ಮಾತು. ನಾವು ಡಿ.ಫಾರ್ಮಾ ಓದುವಾಗ ಲ್ಯಾಬಿನಲ್ಲಿ ಒಮ್ಮೆ ಥರ್ಮಾಮೀಟರ್ ಒಡೆದಿತ್ತು. ಮೇಜಿನ ಮೇಲೆ ಉರುಳಿದ ಬೆಳ್ಳಿಯ ಗುಂಡುಗಳನ್ನು ಅಂಗೈಗೆ ಹಾಕಿಕೊಂಡು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸುರಿದು ಆಟವಾಡಿದೆವು. ಲೆಕ್ಚರರ್ ಬಂದು ಬೈದರು, ಥರ್ಮಾಮೀಟರಿನ ದುಡ್ಡು ಕಟ್ಟಿಸಿಕೊಂಡರು. ಪಾದರಸದ ಬಗ್ಗೆ ಒಂದು ಮಾತು ಹೇಳಲಿಲ್ಲ. ಅಂದಿನ ಕಾಲವೇ ಹಾಗಿತ್ತು.

ಪಾದರಸ ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಲೋಹ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಹೊಟ್ಟೆಗೆ ಹೋದ ಲೋಹರೂಪದ ಪಾದರಸ ಹೆಚ್ಚಾಗಿ ಹಾಗೆಯೇ ಹೊರಹೋಗುತ್ತದೆ. ಅಪಾಯ ಇರುವುದು ಉಸಿರಿನಲ್ಲಿ. ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ ಅದರ ಆವಿಯನ್ನು ಉಸಿರಾಡಿದರೆ ಅದರಲ್ಲಿ ಶೇಕಡಾ 80ರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳಿಗೆ, ಮೂತ್ರಪಿಂಡಕ್ಕೆ. ಕೈ ನಡುಗುವುದು, ಒಸಡು ಊದುವುದು, ಮರೆವು, ನಿದ್ದೆಗೇಡು, ಸಿಡುಕು ಇವು ಅದರ ಲಕ್ಷಣಗಳು. ಜ್ವರ ನೋಡುವ ಒಂದು ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಒಂದು ಗ್ರಾಂನಷ್ಟು. ಆದರೆ ದಿನವಿಡೀ, ವರ್ಷಗಟ್ಟಲೆ, ಅದನ್ನೇ ತುಂಬುವ ಕೋಣೆಯಲ್ಲಿ ನಿಂತವರ ಲೆಕ್ಕ ಬೇರೆ.

ಅಂಥ ಕೋಣೆಗಳು ಇದ್ದದ್ದು ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯೊಂದು 1980ರ ದಶಕದ ಆರಂಭದಲ್ಲಿ ಮುಚ್ಚಿ, ಯಂತ್ರಗಳ ಸಮೇತ ಈ ಬೆಟ್ಟದೂರಿಗೆ ಬಂತು. ಮೊದಲು ಅದು ಪಾಂಡ್ಸ್ ಕಂಪನಿಯದು. ಆ ಕಂಪನಿಯನ್ನು ಯೂನಿಲಿವರ್ ಕೊಂಡಾಗ ಕಾರ್ಖಾನೆ ಹಿಂದುಸ್ತಾನ್ ಲಿವರ್ ಕೈಗೆ ಹೋಯಿತು. ಪಾದರಸವೂ ಗಾಜೂ ಹೊರದೇಶದಿಂದ ಬರುತ್ತಿತ್ತು, ತಯಾರಾದ ಥರ್ಮಾಮೀಟರ್ ಬಹುಪಾಲು ಹೊರದೇಶಕ್ಕೇ ಹೋಗುತ್ತಿತ್ತು. ನಡುವೆ ಉಳಿಯುತ್ತಿದ್ದದ್ದು ಒಡೆದ ಗಾಜು, ನೆಲಕ್ಕೆ ಬಿದ್ದ ಪಾದರಸ ಮತ್ತು ಅಲ್ಲಿ ದುಡಿಯುವ ಮನುಷ್ಯರು. ಕಾರ್ಖಾನೆಯ ಹಿಂದೆಯೇ ಪಾಂಬಾರ್ ಶೋಲಾ ಕಾಡು.

2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ 7.4 ಟನ್ ಒಡೆದ ಗಾಜು ಪತ್ತೆಯಾಯಿತು. ಊರಿನವರು, ಕಾರ್ಮಿಕರು, ಪರಿಸರ ಸಂಘಟನೆಗಳು ಬೀದಿಗಿಳಿದರು. ಅದೇ ತಿಂಗಳು ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗಿಗೆ ಹಾಕಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಕಳಿಸಲಾಯಿತು. ಕಸಕ್ಕೆ ವಾಪಸು ಹೋಗಲು ದಾರಿ ಸಿಕ್ಕಿತು. ಕಾರ್ಮಿಕರ ದೇಹಕ್ಕೆ ಹೊಕ್ಕದ್ದಕ್ಕೆ ಅಂಥ ದಾರಿ ಇರಲಿಲ್ಲ.

ಮುಂದಿನ ಕತೆ ಉದ್ದವಾದದ್ದು. ನಮಗೆ ಅಪಾಯದ ಬಗ್ಗೆ ಸರಿಯಾಗಿ ಹೇಳಿರಲಿಲ್ಲ, ರಕ್ಷಣೆ ಸಾಲದಾಗಿತ್ತು, ನಮ್ಮ ಕಾಯಿಲೆಗಳಿಗೆ ಪಾದರಸವೇ ಕಾರಣ ಎಂದರು ಮಾಜಿ ಕಾರ್ಮಿಕರು. ಕಾರ್ಮಿಕರ ಆರೋಗ್ಯಕ್ಕೆ ಹಾನಿಯಾಗಿಲ್ಲವೆಂದು ಅಧ್ಯಯನಗಳು ಹೇಳಿವೆ ಎಂದಿತು ಕಂಪನಿ. ಆ ಮಾತಿನಿಂದ ಅದು ಕೊನೆಯವರೆಗೂ ಹಿಂದೆ ಸರಿಯಲಿಲ್ಲ. ವೈದ್ಯಕೀಯ ಅಭಿಪ್ರಾಯಗಳೂ ಒಂದೇ ಬಗೆಯವಾಗಿರಲಿಲ್ಲ. 2006ರಲ್ಲಿ ಕಾರ್ಮಿಕರ ಸಂಘ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. ವರ್ಷಗಳು ಕಳೆದವು. ಪತ್ರಿಕೆಗಳಲ್ಲಿ ಆಗಾಗ ವರದಿ ಬಂತು, ಹೋಯಿತು. ಕೊಡೈಕೆನಾಲ್ ಎಂದರೆ ದೇಶಕ್ಕೆ ಮತ್ತೆ ಮಧುಚಂದ್ರದ ಊರು, ಚಾಕೊಲೇಟು, ದೋಣಿವಿಹಾರದ ಕೆರೆ ಅಷ್ಟೇ ಆಯಿತು.

ಇಂಥ ಹೊತ್ತಿನಲ್ಲಿ ಹಾಡು ಬಂತು. ಸೋಫಿಯಾ ಅಶ್ರಫ್ ಅಷ್ಟರಲ್ಲಾಗಲೇ ಭೋಪಾಲ್ ಅನಿಲ ದುರಂತದ ಬಗ್ಗೆ ರ‍್ಯಾಪ್ ಹಾಡಿ ಹೆಸರಾಗಿದ್ದರು. ಜಾಹೀರಾತು ಕ್ಷೇತ್ರದಲ್ಲಿ ಕೆಲಸ ಮಾಡಿದ್ದರಿಂದ ಜನರ ಕಿವಿ ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಜೊತೆಗೆ ನಿಂತವರು ಚೆನ್ನೈನ ವೆಟ್ಟಿವೇರ್ ಕಲೆಕ್ಟಿವ್‌ನ ಗೆಳೆಯರು, ವರ್ಷಗಳಿಂದ ಈ ವಿಷಯದ ಬೆನ್ನು ಹತ್ತಿದ್ದ ನಿತ್ಯಾನಂದ್ ಜಯರಾಮನ್ ಅವರಂಥ ಹೋರಾಟಗಾರರು ಮತ್ತು ಜನರ ಸಹಿ ಸಂಗ್ರಹಿಸುವ ಝಟ್ಕಾ ಎಂಬ ಸಂಘಟನೆ. ವಿಡಿಯೊ ನಿರ್ದೇಶಿಸಿದವರು ರತೀಂದ್ರನ್ ಆರ್. ಪ್ರಸಾದ್. ದೊಡ್ಡ ಸಂಗೀತ ಕಂಪನಿ ಇಲ್ಲ, ಸಿನಿಮಾ ಇಲ್ಲ.

ಧಾಟಿಯ ಆಯ್ಕೆಯಲ್ಲೇ ಅರ್ಧ ಕೆಲಸ ಆಗಿತ್ತು ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ರ‍್ಯಾಪ್ ಗಾಯಕಿ ನಿಕಿ ಮಿನಾಜ್ ಅವರ 2014ರ ‘ಅನಕೊಂಡ’ ಹಾಡು ಲೋಕವೆಲ್ಲ ಕುಣಿದ ಹಾಡು. ಅದೇ ಬಡಿತಕ್ಕೆ ಇವರು ಹೊಸ ಮಾತು ಕೂರಿಸಿದರು. ಮೊದಲ ಎರಡು ಕ್ಷಣ ಕೇಳಿದವರಿಗೆ ಗೊತ್ತಿರುವ ಹಾಡು ಅನ್ನಿಸಬೇಕು, ಮೂರನೆಯ ಕ್ಷಣಕ್ಕೆ ಮಾತು ಬೇರೆ ಎಂದು ಕಿವಿ ನಿಮಿರಬೇಕು. ಇದರಲ್ಲಿ ನಮಗೆ ಹೊಸದೇನಿದೆ? ಚುನಾವಣೆ ಬಂದಾಗ ಊರಿನಲ್ಲಿ ಸಿನಿಮಾ ಹಾಡಿನ ಧಾಟಿಗೆ ಪ್ರಚಾರದ ಹಾಡು ಕಟ್ಟುವುದಿಲ್ಲವೇ? ಭಜನೆಯ ಮಟ್ಟುಗಳು ಒಂದು ಹಾಡಿನಿಂದ ಇನ್ನೊಂದಕ್ಕೆ ಹರಿದು ಬಂದಿಲ್ಲವೇ?

ಹಾಡು ಸುಮಾರು ಮೂರು ನಿಮಿಷ. ಅದರಲ್ಲಿ ಕಂಪನಿಯ ಹೆಸರಿತ್ತು, ಊರಿನ ಹೆಸರಿತ್ತು, ಆದ ಹಾನಿ ಏನೆಂಬ ಆರೋಪವಿತ್ತು, ಏನು ಮಾಡಬೇಕು ಎಂಬ ಬೇಡಿಕೆಯೂ ಇತ್ತು: ಕಾರ್ಮಿಕರಿಗೆ ಪರಿಹಾರ ಕೊಡಿ, ವಿಷವನ್ನು ತೆಗೆಯಿರಿ. ಮಾಜಿ ಕಾರ್ಮಿಕರೇ ವಿಡಿಯೊದಲ್ಲಿ ಕಾಣಿಸಿಕೊಂಡರು. ಹಾಡು ಕೇಳಿದವರು ಕಣ್ಣೊರೆಸಿಕೊಂಡು ಹೋಗುವ ಹಾಗಿರಲಿಲ್ಲ. ಇಲ್ಲಿ ಸಹಿ ಹಾಕಿ ಎಂದು ಕೈಗೊಂದು ಕೆಲಸ ಕೊಟ್ಟಿತ್ತು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಕೆಲವೇ ವಾರಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಾರಿ ಜನ ಅದನ್ನು ನೋಡಿದರು. ಧಾಟಿಯ ಒಡತಿ ನಿಕಿ ಮಿನಾಜ್ ತಾವೇ ಅದನ್ನು ಟ್ವಿಟರಿನಲ್ಲಿ ಹಂಚಿಕೊಂಡರು. ಯೂನಿಲಿವರ್‌ನ ಅಂದಿನ ಮುಖ್ಯಸ್ಥ ಪಾಲ್ ಪೋಲ್ಮನ್ ಸಾರ್ವಜನಿಕವಾಗಿ ಉತ್ತರ ಕೊಡಬೇಕಾಯಿತು. 2016ರ ಮಾರ್ಚ್‌ನಲ್ಲಿ ಕಂಪನಿಗೂ 591 ಮಾಜಿ ಕಾರ್ಮಿಕರಿಗೂ ಒಪ್ಪಂದವಾಯಿತು. ಮಾನವೀಯತೆಯ ದೃಷ್ಟಿಯಿಂದ ಹಣ ಕೊಡುತ್ತಿದ್ದೇವೆ ಎಂದಿತು ಕಂಪನಿ. ಮೊತ್ತವನ್ನು ಬಹಿರಂಗಪಡಿಸಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಒಂದು ಹಾಡು ದೊಡ್ಡ ಕಂಪನಿಯನ್ನು ಮಣಿಸಿತು ಎಂದು ಆಗ ಅನೇಕರು ಬರೆದರು. ಕೇಳಲು ಚೆಂದ. ಆದರೆ ಔಷಧದ ಅಂಗಡಿಯಲ್ಲಿ ನಿಂತವರಿಗೆ ಒಂದು ಸಂಗತಿ ಗೊತ್ತು. ಹತ್ತು ದಿನ ಆಂಟಿಬಯಾಟಿಕ್ ನುಂಗಿ, ಕೊನೆಯ ದಿನ ಒಂದು ಕಷಾಯ ಕುಡಿದು, ಕಷಾಯದಿಂದಲೇ ಜ್ವರ ಬಿಟ್ಟಿತು ಅನ್ನುವವರು ಬಹಳ. ಕೊಡೈಕೆನಾಲ್‌ನಲ್ಲಿ ಹದಿನೈದು ವರ್ಷ ಕಾಗದ ಕಾಪಾಡಿಕೊಂಡವರು, ಕೋರ್ಟಿಗೆ ಬಸ್ಸಿನಲ್ಲಿ ಓಡಾಡಿದವರು, ಸತ್ತ ಸಹೋದ್ಯೋಗಿಯ ಮನೆಗೆ ಹೋಗಿ ವೈದ್ಯರ ಚೀಟಿ ಹುಡುಕಿ ತಂದವರು ಇಲ್ಲದಿದ್ದರೆ ಆ ಹಾಡಿಗೆ ಹೇಳಲು ಮಾತೇ ಇರುತ್ತಿರಲಿಲ್ಲ. ಆದರೆ ಇದನ್ನೂ ಹೇಳಲೇಬೇಕು: ಹದಿನಾಲ್ಕು ವರ್ಷ ಬಾಗಿಲ ಹೊರಗೆ ನಿಂತವರ ಕೂಗು ಆ ಮೂರು ನಿಮಿಷದಲ್ಲಿ ಒಳಗೆ ಕೇಳಿಸಿತು. ಒಪ್ಪಂದ ಆದದ್ದು ಹಾಡು ಬಂದ ಏಳೆಂಟು ತಿಂಗಳಿಗೆ. ಹಾಡು ಔಷಧವಲ್ಲ, ಒಪ್ಪುತ್ತೇವೆ. ಔಷಧವನ್ನು ಒಳಗೆ ತಲುಪಿಸುವ ಸೂಜಿಯಂತೂ ಹೌದು.

ಹಾಡಿನ ಬಗ್ಗೆ ಟೀಕೆಗಳೂ ಬಂದವು, ಬರಬೇಕಾದವೇ. ಇಂಗ್ಲಿಷಿನ ಹಾಡು, ಆ ಕಾರ್ಮಿಕರಲ್ಲಿ ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಕ್ಯಾಮೆರಾದ ಕಣ್ಣು ಹಾಡಿದವರ ಮೇಲೋ ದುಡಿದವರ ಮೇಲೋ? ಪರಿಹಾರ ಸಿಕ್ಕಿತು, ಮಣ್ಣಿನಲ್ಲಿ ಉಳಿದ ಪಾದರಸದ ಗತಿ? ಕೊನೆಯ ಪ್ರಶ್ನೆ ಗಟ್ಟಿಯಾದದ್ದು. ಕಾರ್ಖಾನೆಯ ಜಾಗದ ಮಣ್ಣನ್ನು ಕಿಲೋಗೆ 20 ಮಿಲಿಗ್ರಾಂ ಪಾದರಸದ ಮಟ್ಟಕ್ಕೆ ಶುದ್ಧಮಾಡಿದರೆ ಸಾಕೆಂಬ ಮಿತಿಯನ್ನು ಹೋರಾಟಗಾರರು ಒಪ್ಪಲಿಲ್ಲ. ಕಾಡಿನ ಅಂಚಿನ ಜಾಗಕ್ಕೆ ಇನ್ನೂ ಬಿಗಿಯಾದ ಮಿತಿ ಬೇಕು ಎಂದರು. ಅದಕ್ಕಾಗಿಯೇ 2018ರಲ್ಲಿ ಎರಡನೆಯ ಹಾಡು ಬಂತು. ಅದರಲ್ಲಿ ಸೋಫಿಯಾ ಅಶ್ರಫ್ ಜೊತೆ ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ ಅವರೂ ಹಾಡಿದರು. ಕಛೇರಿಯ ವೇದಿಕೆಯ ವಿದ್ವಾಂಸರು ರ‍್ಯಾಪ್ ಗಾಯಕಿಯ ಪಕ್ಕ ನಿಂತರು. ಸಂಗೀತಕ್ಕೇನೂ ಮೈಲಿಗೆ ಆಗಲಿಲ್ಲ.

ಈಗ ನಮ್ಮ ಸಮಿತಿಯ ಮೂರು ಆಕ್ಷೇಪಗಳಿಗೆ ಬರೋಣ.

ರ‍್ಯಾಪ್ ನಮ್ಮ ಸಂಸ್ಕೃತಿಯಲ್ಲ ಎಂಬುದು ಮೊದಲನೆಯದು. ರ‍್ಯಾಪ್ ಹುಟ್ಟಿದ್ದು 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕಪ್ಪುಜನರ ಬೀದಿಗಳಲ್ಲಿ, ನಿಜ. ಆದರೆ ತಾಳಕ್ಕೆ ಸರಿಯಾಗಿ ಮಾತನ್ನು ಪೋಣಿಸಿ, ಎದುರಿನವನನ್ನು ಕೆಣಕಿ, ಊರಿನ ಸಂಗತಿಯನ್ನು ಊರಿನ ಮುಂದೆಯೇ ಹೇಳುವ ಕಲೆ ನಮಗೆ ಬೇಕಾದಷ್ಟಿದೆ. ಸಭೆ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಿಂತು ಆ ವಿಜಯಪುರದ ಹುಡುಗ ನಮಗೇ ಹೇಳಿದ: “ನಮ್ಮ ಕಡಿ ಹರದೇಶಿ ನಾಗೇಶಿ ಹಾಡ್ಕಿ ಇರ್ತಾವಲ್ಲರೀ ಸರ್, ರಾತ್ರಿ ಪೂರ್ತಿ ಒಬ್ಬರಿಗೊಬ್ಬರು ಸವಾಲು ಹಾಕ್ತಾರ. ಇದೂ ಅದೇ ರೀ. ಡಪ್ಪಿನ ಬದ್ಲಿ ಮೊಬೈಲ್ ಬಡಿತೈತಿ.” ಗೀಗೀ ಪದಗಳು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಜನರನ್ನು ಎಬ್ಬಿಸಿದವು. ಕರಾವಳಿಯವರಾದ ನಮಗೆ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನ ಯುದ್ಧ. ಬೈಗುಳದ ರ‍್ಯಾಪ್ ಇದೆಯೇ? ಇದೆ. ಬೈಗುಳದ ಸಿನಿಮಾ ಹಾಡೂ ಇದೆ. ನಮ್ಮ ಹುಡುಗರು ಬರೆದದ್ದನ್ನು ಓದಿಯೂ ನೋಡದೆ ಬೈಗುಳವೆಂದು ತೀರ್ಮಾನಿಸಿದವರು ನಾವು.

ಹಬ್ಬದ ದಿನ ಕಷ್ಟದ ಮಾತು ಬೇಡ ಎಂಬುದು ಎರಡನೆಯದು. ಇದಕ್ಕೆ ನಾವು ಕೌಂಟರಿನ ಹಿಂದಿನಿಂದ ಉತ್ತರ ಕೊಡುತ್ತೇವೆ. ಬೇಸಿಗೆ ಬಂತೆಂದರೆ ನಮ್ಮ ಕಿಟಕಿಗೆ ಬರುವ ಚೀಟಿಗಳ ಬಣ್ಣವೇ ಬದಲಾಗುತ್ತದೆ. ಸುಸ್ತು, ಸ್ನಾಯು ಸೆಳೆತ, ಉರಿಮೂತ್ರ, ಮೂತ್ರಪಿಂಡದ ಕಲ್ಲು. ಇವರಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವ ಮೊದಲು ರೂಮಿನಲ್ಲಿ ಯಾರೋ ಊರಿನಿಂದ ತಂದ ನೋವಿನ ಮಾತ್ರೆಯನ್ನು ದಿನಕ್ಕೆರಡು ನುಂಗಿ ಕೆಲಸಕ್ಕೆ ಹೋದವರು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನೋವನ್ನು ಇಳಿಸುವುದು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಡೆದು. ಬೆವರು ಹರಿದು ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ಕಾಪಾಡುವುದೂ ಅದೇ ವಸ್ತು. ಒಣಗಿದ ದೇಹಕ್ಕೆ ಈ ಮಾತ್ರೆ ಬಿದ್ದರೆ ಮೂತ್ರಪಿಂಡ ಎರಡು ಕಡೆಯಿಂದಲೂ ಪೆಟ್ಟು ತಿನ್ನುತ್ತದೆ. ಈ ಮಾತನ್ನು ನಾವು ಆರೋಗ್ಯ ಶಿಬಿರಗಳಲ್ಲಿ ಹೇಳುತ್ತ ಬಂದಿದ್ದೇವೆ. ಕರಪತ್ರವನ್ನೂ ಮಾಡಿದ್ದೇವೆ. ಕರಪತ್ರದಲ್ಲಿ ಚಪಾತಿ ಸುತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ.

ಈ ಆಗಸ್ಟಿನಲ್ಲಿ ಒಂದು ಸಂಜೆ ಅದೇ ದಾವಣಗೆರೆಯ ಹುಡುಗ ನಮ್ಮ ಕಿಟಕಿಗೆ ಬಂದ. ಮುಖ ಊದಿತ್ತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಡಾಕ್ಟರು ಎರಡು ದಿನ ಒಳರೋಗಿಯಾಗಿ ಇಟ್ಟುಕೊಂಡು ಬಿಟ್ಟಿದ್ದರು. ಬೆನ್ನುನೋವಿಗೆಂದು ಮೂರು ವಾರ ಮಾತ್ರೆ ತಿಂದಿದ್ದನಂತೆ. ಇನ್ನು ಮುಂದೆ ಆ ಮಾತ್ರೆ ಮುಟ್ಟಬಾರದು, ನೀರು ಹೀಗೆ ಕುಡಿಯಬೇಕು ಎಂದೆಲ್ಲ ನಾವು ವಿವರಿಸಿದೆವು. ಅವನು ತಲೆ ತಗ್ಗಿಸಿ ಕೇಳಿದ. ಹೊರಡುವಾಗ ಸಣ್ಣಗೆ ನಕ್ಕು ಹೇಳಿದ: “ಸಾರ್, ನಮ್ಮ ಹಾಡಲ್ಲಿ ಗುಳಿಗೆ ಅಂತ ಒಂದು ಚರಣ ಇತ್ತು. ಗುಳಿಗೆ ನುಂಗಿದ್ರೆ ಗಂಡಸು ಅಂತ ಬರ್ದಿದ್ವಿ. ನೀವು ಅವತ್ತು ಕೇಳಿದ್ರೆ ತಪ್ಪು ಅಂತ ಹೇಳ್ತಿದ್ರೇನೋ.”

ಅವನು ದೂರಿದ್ದಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ. ಆದರೆ ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಅವತ್ತು ಐದು ನಿಮಿಷ ಕುಳಿತು ಅವರ ಹಾಡು ಕೇಳಿದ್ದರೆ ಎರಡು ಕೆಲಸ ಆಗುತ್ತಿತ್ತು. ತಪ್ಪು ಚರಣ ಸರಿಯಾಗುತ್ತಿತ್ತು. ಸರಿಯಾದ ಚರಣ ಸಭಾಂಗಣದಲ್ಲಿ ಕುಳಿತ ನೂರಾರು ಜನರ ಬಾಯಿಗೆ ಹತ್ತುತ್ತಿತ್ತು. ನಮ್ಮ ಹತ್ತು ಕರಪತ್ರ ಮಾಡದ ಕೆಲಸವನ್ನು ಒಂದು ಚರಣ ಮಾಡಬಹುದಿತ್ತು. ಈಗ ಹುಡುಗ ಗುಣವಾಗಿದ್ದಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಹಾಗೆ ಗುಣವಾಗದವರನ್ನೂ ನಾವು ಕಂಡಿದ್ದೇವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರು ಇಲ್ಲಿ ಉಳಿಯುವುದು ಕಷ್ಟ. ವೀಸಾ ರದ್ದಾಗುತ್ತದೆ, ಸಂಘದವರು ಸೇರಿ ಟಿಕೆಟ್ ಮಾಡಿಸುತ್ತೇವೆ, ವಿಮಾನ ನಿಲ್ದಾಣದಲ್ಲಿ ಫೋಟೊ ತೆಗೆಯುತ್ತೇವೆ. ಆ ಫೋಟೊವನ್ನು ಇದೇ ಸಂಚಿಕೆಯಲ್ಲಿ ‘ನಮ್ಮ ಸಮಾಜಸೇವೆ’ ಎಂದು ಅಚ್ಚು ಹಾಕುತ್ತೇವೆ. ಟಿಕೆಟ್ ಮಾಡಿಸುವುದು ದೊಡ್ಡ ಕೆಲಸವೇ. ಆದರೆ ಟಿಕೆಟ್ ಬೇಕಾಗದಂತೆ ನೋಡಿಕೊಳ್ಳುವ ಮಾತಿಗೆ ವೇದಿಕೆಯಲ್ಲಿ ಐದು ನಿಮಿಷ ಇಲ್ಲವೆಂದರೆ ಆ ಸೇವೆಗೆ ಏನು ಬೆಲೆ?

ಪ್ರಾಯೋಜಕರ ಮುಜುಗರದ ಮಾತು ಮೂರನೆಯದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಸೋಫಿಯಾ ಅಶ್ರಫ್ ತಮ್ಮ ದೇಶದಲ್ಲಿ, ತಮ್ಮ ರಾಜ್ಯದ ಊರಿಗಾಗಿ, ಒಂದು ಕಂಪನಿಯ ಹೆಸರೆತ್ತಿ ಹಾಡಿದರು. ಅವರ ಬೆನ್ನಿಗೆ ಕೋರ್ಟಿತ್ತು, ಪತ್ರಿಕೆಗಳಿದ್ದವು, ಮತದಾರರಾಗಿದ್ದ ಕಾರ್ಮಿಕರಿದ್ದರು. ನಾವು ಇಲ್ಲಿ ದುಡಿಯಲು ಬಂದವರು. ನಮ್ಮ ವಾಸ ಕೆಲಸದ ವೀಸಾಕ್ಕೆ ಅಂಟಿಕೊಂಡಿದೆ. ಮೊಬೈಲಿನಲ್ಲಿ ಯಾರದಾದರೂ ಮಾನಕ್ಕೆ ಧಕ್ಕೆ ತರುವ ಮಾತು ಹಾಕಿದರೆ ಇಲ್ಲಿನ ಕಾನೂನು ಬಹಳ ಬಿಗಿ. ಹುಡುಗರನ್ನು ಹುರಿದುಂಬಿಸಿ ಅಪಾಯಕ್ಕೆ ತಳ್ಳಿ, ನಾವು ಹಿಂದಿನ ಸಾಲಿನಲ್ಲಿ ಚಪ್ಪಾಳೆ ಹೊಡೆಯುವುದು ನ್ಯಾಯವಲ್ಲ. ಆದ್ದರಿಂದ ಕೊಡೈಕೆನಾಲ್ ಹಾಡನ್ನು ಇಲ್ಲಿಗೆ ನಕಲು ಮಾಡಿ ಎಂದು ನಾವು ಹೇಳುವುದಿಲ್ಲ.

ಆದರೆ ಯಾರ ಹೆಸರನ್ನೂ ಎತ್ತದೆ ಹೇಳಬಹುದಾದ ಮಾತುಗಳು ರಾಶಿ ಇವೆ, ಇಲ್ಲಿನ ಸರ್ಕಾರಗಳೇ ಹೇಳುತ್ತಿರುವ ಮಾತುಗಳು ಅವು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನ ಕೆಲಸಕ್ಕೆ ತಡೆ ಇದೆ. ನೆರೆಯ ದೇಶಗಳಲ್ಲೂ ತಮ್ಮ ತಮ್ಮ ದಿನ, ಗಂಟೆಗಳ ಲೆಕ್ಕದಲ್ಲಿ ಇಂಥದೇ ನಿಯಮಗಳಿವೆ. ಈ ನಿಯಮ ನಮ್ಮಲ್ಲಿ ಎಷ್ಟು ಮಂದಿಗೆ ಗಂಟೆಯ ಸಮೇತ ಗೊತ್ತಿದೆ? ಅದನ್ನು ಹಾಡಿದರೆ ಯಾವ ಪ್ರಾಯೋಜಕರಿಗೆ ಮುಜುಗರ? ನಿಯಮ ಪಾಲಿಸುವವರಿಗೆ ಅದು ಹೊಗಳಿಕೆ. ಪಾಲಿಸದವರಿಗೆ ಮುಜುಗರ ಆದರೆ, ಆ ಮುಜುಗರದಿಂದ ಅವರನ್ನು ಕಾಪಾಡುವುದು ಸಂಘದ ಉದ್ದೇಶಗಳ ಪಟ್ಟಿಯಲ್ಲಿ ಇಲ್ಲ.

ಕೊಡೈಕೆನಾಲ್ ಹಾಡಿನಿಂದ ನಾವು ಕಲಿಯಬೇಕಾದದ್ದು ಸಿಟ್ಟನ್ನಲ್ಲ, ಅದರ ಅಚ್ಚುಕಟ್ಟನ್ನು. ಊರು ಯಾವುದು, ಆದದ್ದೇನು, ಬೇಕಾದದ್ದೇನು, ಕೇಳಿದವರು ಮಾಡಬೇಕಾದದ್ದೇನು ಎಂಬ ನಾಲ್ಕನ್ನೂ ಅದು ಮೂರು ನಿಮಿಷದಲ್ಲಿ ಹೇಳಿತು. ದುಡಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿತು. ನಮ್ಮ ಹುಡುಗರ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಇಲ್ಲಿ ಹಾಡುವವರೂ ದುಡಿದವರೂ ಬೇರೆ ಬೇರೆ ಅಲ್ಲ. ಭಾಷೆಯ ತೊಡಕೂ ಇಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಅವರಂಥವರು ಕನ್ನಡದ ಮಾತು ಈ ತಾಳಕ್ಕೆ ಕೂರುತ್ತದೆ ಎಂದು ಊರಿನಲ್ಲಿ ಎಂದೋ ತೋರಿಸಿಕೊಟ್ಟಿದ್ದಾರೆ. ನಮ್ಮ ಮಕ್ಕಳಿಗೆ ಬಾಯಿಗೆ ಬರುವ ಕನ್ನಡದಲ್ಲಿ ಅರ್ಧ ಅವರ ಹಾಡುಗಳದ್ದೇ ಎಂಬುದನ್ನು ಮನೆಯಲ್ಲಿ ಎಲ್ಲರೂ ಬಲ್ಲೆವು.

ಆದ್ದರಿಂದ ಈ ವರ್ಷದ ಸಮಿತಿಗೆ ನಮ್ಮ ಕೋರಿಕೆ ಸರಳವಾದದ್ದು. ಆ ಮೂವರನ್ನು ಮತ್ತೆ ಕರೆಯಿರಿ. ಐದು ನಿಮಿಷವಲ್ಲ, ಏಳು ನಿಮಿಷ ಕೊಡಿ. ಮಕ್ಕಳ ನೃತ್ಯಕ್ಕೂ ಮುಖ್ಯ ಅತಿಥಿಗಳ ಭಾಷಣಕ್ಕೂ ನಡುವೆ ಕೊಡಿ, ಜನ ಊಟಕ್ಕೆ ಎದ್ದ ಮೇಲೆ ಅಲ್ಲ. ಸಾಹಿತ್ಯವನ್ನು ಮೊದಲೇ ನೋಡಿ, ಆದರೆ ಕತ್ತರಿ ಹಿಡಿದು ಅಲ್ಲ, ಪೆನ್ಸಿಲ್ ಹಿಡಿದು. ಆರೋಗ್ಯದ ಮಾತುಗಳನ್ನು ನಾವು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಸಂಘದ ಸದಸ್ಯರು, ಪರಿಶೀಲಿಸಿ ಕೊಡುತ್ತೇವೆ. ಕಾನೂನಿನ ಮಾತುಗಳನ್ನು ತಿಳಿದವರು ನೋಡಲಿ. ಯಾವ ಕಂಪನಿಯ, ಯಾವ ವ್ಯಕ್ತಿಯ ಹೆಸರೂ ಬೇಡ. ಹಾಡಿನ ಕೊನೆಯಲ್ಲಿ ಕೇಳಿದವರ ಕೈಗೊಂದು ಕೆಲಸ ಇರಲಿ: ನೀರಿನ ಲೆಕ್ಕ ಇಡಿ, ಚೀಟಿಯಿಲ್ಲದ ನೋವಿನ ಮಾತ್ರೆ ಬೇಡ, ರೂಮಿನಲ್ಲಿ ಯಾರಿಗಾದರೂ ಮೂತ್ರ ಕಡಿಮೆಯಾದರೆ ಆ ದಿನವೇ ಆಸ್ಪತ್ರೆಗೆ ಕರೆತನ್ನಿ.

ಪಾದರಸದ ಥರ್ಮಾಮೀಟರ್ ಈಗ ಹಳೆಯ ಮಾತು. 2013ರಲ್ಲಿ ಜಪಾನಿನ ಮಿನಮಾಟ ಊರಿನ ಹೆಸರಿನಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದ 2017ರಲ್ಲಿ ಜಾರಿಗೆ ಬಂತು. 2020ರ ಹೊತ್ತಿಗೆ ಅವುಗಳ ತಯಾರಿಕೆ ನಿಲ್ಲಬೇಕೆಂದು ಅದು ಗಡುವು ಹಾಕಿತು. ನಮ್ಮ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಹುಡುಗಿಯರು ಗಾಜಿನ ಥರ್ಮಾಮೀಟರನ್ನು ಕಂಡೇ ಇಲ್ಲ. ಮಿನಮಾಟದ ಹೆಸರು ಉಳಿದದ್ದು ಅಲ್ಲಿನ ರೋಗಿಗಳು ಸುಮ್ಮನಿರಲಿಲ್ಲ ಎಂಬ ಕಾರಣಕ್ಕೆ. ಕೊಡೈಕೆನಾಲ್‌ನ ಹೆಸರು ಉಳಿದದ್ದೂ ಹಾಗೆಯೇ. ಅಂಗೈಯಲ್ಲಿ ಪಾದರಸ ಆಡಿಸಿದ ನಮಗೆ ಅಂದು ಯಾರೂ ಹೇಳಲಿಲ್ಲ. ಹೇಳಬೇಕಾದವರು ಮುರಿದ ಗಾಜಿನ ದುಡ್ಡು ವಸೂಲು ಮಾಡಿ ಸುಮ್ಮನಾದರು. ಕಳೆದ ವರ್ಷದ ಆ ಸಭೆಯಲ್ಲಿ ನಾವು ಮಾಡಿದ್ದೂ ಅದನ್ನೇ.

ಈ ಸಲ ಸಮಿತಿಯ ಸಭೆಗೆ ನಾವು ಸ್ವಲ್ಪ ಬೇಗ ಬರುತ್ತೇವೆ. ಬಾಗಿಲ ಬಳಿಯ ಕುರ್ಚಿಗಳಲ್ಲಿ, ಆ ಹುಡುಗರ ಪಕ್ಕದಲ್ಲೇ ಕೂರುತ್ತೇವೆ.